ರಕ್ತ ಹೇಳಿದ ಸುಳ್ಳು

ಬಾಗಿಲು ಮೂರು ಸಲ ಸದ್ದು ಮಾಡಿತು. ತುಸು ಬಿಟ್ಟು ಮತ್ತೆರಡು ಸಲ.

ಗಂಡ ಎದ್ದು ಹೋಗಿ ಚಿಲಕ ತೆಗೆದ. ಅವಳು ಎರಡು ಸ್ವೆಟರಿನ ಮೇಲೊಂದು ಶಾಲು ಹೊದ್ದು ಹಜಾರದ ಗೋಡೆ ಹಿಡಿದು ನಿಂತಳು. ಹೊಸ್ತಿಲಾಚೆ ಇದ್ದವನು ರಕ್ತಪರೀಕ್ಷೆಯ ಲ್ಯಾಬಿನವನು. ಅಂದು ಬೆಳಗ್ಗೆ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆದವನೇ. ಬಿಳಿ ಕೋಟು ಇಲ್ಲದಿದ್ದುದರಿಂದ ಗುರುತು ಹತ್ತಲು ಒಂದು ಕ್ಷಣ ಹಿಡಿಯಿತು. ನಾಲ್ಕು ಮಹಡಿ ಹತ್ತಿ ಬಂದವನಿಗೆ ಏದುಸಿರು.

"ನಾಳೆ ಬೆಳಗ್ಗೆ ಮಾತ್ರೆ ತಗೋಬೇಡಿ," ಎಂದ. "ಎದ್ದ ಕೂಡ್ಲೇ ಆಸ್ಪತ್ರೆಗೆ ಬನ್ನಿ."

ಯಾಕೆಂದು ಗಂಡ ಕೇಳಿದ. ಅದನ್ನು ಡಾಕ್ಟರಮ್ಮನೇ ಹೇಳುತ್ತಾರೆ, ಹೇಳುವ ಅಧಿಕಾರ ತನಗಿಲ್ಲ, ಇಬ್ಬರ ಫೋನೂ ಆಫ್ ಆಗಿದ್ದರಿಂದ ಖುದ್ದು ಬರಬೇಕಾಯಿತು ಎಂದಷ್ಟೇ ಉತ್ತರ ಬಂತು. ಹೊರಟವನು ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿ ನಿಂತ. ಎದೆ ಡವಗುಟ್ಟುತ್ತಿದೆಯೇ, ಕೈ ನಡುಗುತ್ತದೆಯೇ, ಸೆಕೆಯೆಂದು ಒದ್ದಾಡುತ್ತೀರಾ ಎಂದು ಅವಳನ್ನೇ ಕೇಳಿದ. ಮೂರಕ್ಕೂ ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಅವಳ ಸ್ವೆಟರುಗಳನ್ನು ನೋಡಿದ, ಊದಿಕೊಂಡ ಕಣ್ಣುರೆಪ್ಪೆಗಳನ್ನು ನೋಡಿದ, ಕೂಡಿ ಕಳೆದು ತಾಳೆಯಾಗದ ಲೆಕ್ಕದೆದುರು ನಿಂತ ಮೇಷ್ಟ್ರಂತೆ ಹುಬ್ಬು ಗಂಟಿಕ್ಕಿದ. ಆಮೇಲೆ ಅವನ ಚಪ್ಪಲಿ ಸದ್ದು ಒಂದೊಂದೇ ಮಹಡಿ ಇಳಿದುಹೋಯಿತು.

ಆ ರಾತ್ರಿ ಮನೆಯಲ್ಲಿ ಯಾರಿಗೂ ಕಣ್ಣು ಹತ್ತಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಅವಳಿಗೆ ಈಚೆಗೆ ನಿದ್ದೆಯ ಹೊರತು ಬೇರೇನೂ ಕೈಗೆ ಹತ್ತುತ್ತಿರಲಿಲ್ಲ.

ಅವಳನ್ನು ಕೆಲಸದ ಜಾಗದಲ್ಲಿ 'ಸೂಜಿ' ಎಂದೇ ಕರೆಯುತ್ತಿದ್ದರು. ವಿಗ್ ಕಟ್ಟುವ ಕಾರ್ಯಾಗಾರ ಅದು. ಮರದ ತಲೆಯ ಮೇಲೆ ಜೇಡನ ಬಲೆಯಂಥ ಜಾಲರಿ ಹೊದಿಸಿ, ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಒಂದೊಂದೇ ಕಣ್ಣಿನಲ್ಲಿ ಎಳೆದು ಗಂಟು ಹಾಕಬೇಕು. ಒಂದು ತಲೆಗೆ ಮೂವತ್ತು ಸಾವಿರ ಗಂಟು. ಅವುಗಳಲ್ಲಿ ಹಣೆಯಂಚಿನ ಮೂರು ಸಾವಿರ ಗಂಟುಗಳು ಬೇರೆಯವರಿಗೆ ಸಲ್ಲದ ಕೆಲಸ. ಅಲ್ಲಿ ಕೂದಲು ನೆಟ್ಟಂತಿರಬಾರದು, ಹುಟ್ಟಿದಂತಿರಬೇಕು. ಹದಿನಾಲ್ಕು ವರ್ಷಗಳಿಂದ ಆ ಹಣೆಯಂಚು ಸೂಜಿಯದು. ಕಿಟಕಿ ಪಕ್ಕದ ಕುರ್ಚಿಯೂ ಅವಳದು. ಕಾಯಿಲೆಯಿಂದ ಕೂದಲು ಕಳೆದುಕೊಂಡ ಹೆಂಗಸರು ಅವಳು ಕಟ್ಟಿದ್ದನ್ನು ತಲೆಗಿಟ್ಟು ಕನ್ನಡಿ ನೋಡಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು. ಆ ಮೌನವನ್ನು ಅವಳು ತನ್ನ ಸಂಬಳದ ಜತೆಗೇ ಎಣಿಸಿಕೊಳ್ಳುತ್ತಿದ್ದಳು.

ಎರಡು ವರ್ಷದ ಕೆಳಗೆ ಅವಳ ಕುತ್ತಿಗೆಯಲ್ಲಿ ಬಟಾಣಿ ಗಾತ್ರದ ಗೆಡ್ಡೆ ಸಿಕ್ಕಿತು. ಕೆಟ್ಟ ಗೆಡ್ಡೆ. ಥೈರಾಯ್ಡ್ ಗ್ರಂಥಿಯನ್ನೇ ಬೇರು ಸಮೇತ ತೆಗೆದುಹಾಕಿದರು. ಗ್ರಂಥಿ ಹೋದ ಮೇಲೆ ಅದು ಸುರಿಸುತ್ತಿದ್ದ ಹಾರ್ಮೋನು ಮಾತ್ರೆಯಿಂದಲೇ ಒಳಕ್ಕೆ ಹೋಗಬೇಕು, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಬದುಕಿರುವಷ್ಟು ದಿನ. ಗಂಡ ಲಿಫ್ಟ್ ರಿಪೇರಿಯವನು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತನ್ನ ಭಾಷೆಗೆ ಇಳಿಸಿಕೊಳ್ಳದೆ ಅವನಿಗೆ ಸಮಾಧಾನವಿಲ್ಲ.

"ಟಿಎಸ್‌ಎಚ್ ಅಂದ್ರೆ ಗುಂಡಿ ಒತ್ತೋದು ಕಣೆ," ಎಂದು ಹೆಂಡತಿಗೆ ವಿವರಿಸಿದ್ದ. "ಲಿಫ್ಟ್ ಬರ್ಲಿಲ್ಲ ಅಂದ್ರೆ ಮಿದುಳು ಗುಂಡಿ ಒತ್ತುತ್ತಾನೇ ಇರುತ್ತೆ, ಅಂಕಿ ಮೇಲೆ ಹೋಗುತ್ತೆ. ಹಾರ್ಮೋನು ಬಂತೋ, ಕೈ ತೆಗೆಯುತ್ತೆ. ಅಷ್ಟೇ."

ಗೆಡ್ಡೆ ಕಂಡವರಲ್ಲಿ ಆ ಗುಂಡಿಯನ್ನು ಒತ್ತಗೊಡಲೇಬಾರದು, ಒತ್ತಿದರೆ ಎಲ್ಲೋ ಉಳಿದ ಒಂದೆರಡು ಕೆಟ್ಟ ಕಣಗಳೂ ಆ ಕರೆಗೆ ಓಗೊಡುತ್ತವೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅದಕ್ಕೇ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಮೊದಲ ಒಂದೂವರೆ ವರ್ಷ, ಕೂದಲು ತುಸು ಉದುರತೊಡಗಿದ್ದನ್ನು ಬಿಟ್ಟರೆ, ಎಲ್ಲವೂ ಹೇಳಿದ ಹಾಗೆ ನಡೆಯಿತು. ಆಮೇಲೊಂದು ಪರೀಕ್ಷೆಯಲ್ಲಿ ಹಾರ್ಮೋನು ತುಸು ಹೆಚ್ಚು ಕಂಡಿತು. ನೂರಿಪ್ಪತ್ತೈದು ಮೈಕ್ರೋಗ್ರಾಮಿನ ಮಾತ್ರೆ ನೂರಕ್ಕೆ ಇಳಿಯಿತು. ಸ್ವೆಟರು ಹೊರಬಂದದ್ದು ಆಗಲೇ. ಅದಾಗಿ ಮೂರು ತಿಂಗಳಿಗೆ ಬಾಗಿಲು ಬಡಿದ ಸದ್ದು.

ಮರುದಿನ ಬೆಳಗ್ಗೆ ಡಾಕ್ಟರಮ್ಮ ಕಾಗದವನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಹಾರ್ಮೋನಿನ ಅಂಕಿ ಯಂತ್ರದ ಅಳತೆಯನ್ನೇ ದಾಟಿತ್ತು. ಟಿಎಸ್‌ಎಚ್ ಸೊನ್ನೆಗೆ ಅಂಟಿಕೊಂಡಿತ್ತು. ಗೆಡ್ಡೆ ಮರಳಿದ್ದರೆ ತೋರಿಸಿಕೊಡುವ ಮೂರನೆಯ ಅಂಕಿಯೂ ಸೊನ್ನೆ. ಇದೊಂದು ಸಂತೋಷದ ವಿಷಯ ಎಂದರು. ಇಷ್ಟು ಹಾರ್ಮೋನು ಮೈಯಲ್ಲಿದ್ದರೆ ಹೃದಯ ಯಾವ ಗಳಿಗೆಯಲ್ಲಾದರೂ ಲಯ ತಪ್ಪಬಹುದು ಎಂದೂ ಹೇಳಿ ನಾಡಿ ಹಿಡಿದರು. ನಾಡಿ ನಿಮಿಷಕ್ಕೆ ಐವತ್ತೆಂಟು. ಮತ್ತೊಮ್ಮೆ ಹಿಡಿದರು. ಐವತ್ತೆಂಟೇ.

ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಎಂದಳು. ಗಂಡನೂ ಇಲ್ಲ ಎಂದ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು.

"ನೋಡಿ ತಾಯಿ, ನಿಮ್ಮ ಕುತ್ತಿಗೆಯಲ್ಲಿ ಗ್ರಂಥಿ ಇಲ್ಲ. ಹಾರ್ಮೋನು ಬರೋಕೆ ಇರೋದು ಒಂದೇ ದಾರಿ, ಬಾಯಿ. ರಕ್ತದಲ್ಲಿ ಇಷ್ಟಿದೆ ಅಂದ್ರೆ ಅಷ್ಟು ನುಂಗಿದೀರಿ ಅಂತ ಅರ್ಥ."

ತೂಕ ಇಳಿಸಲೆಂದು ಕೆಲವರು ಕದ್ದು ಹೆಚ್ಚು ಮಾತ್ರೆ ತೆಗೆದುಕೊಳ್ಳುವುದುಂಟು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಹೇಳಿಬಿಡಿ ಎಂದು ಡಾಕ್ಟರಮ್ಮ ಮೆಲುದನಿಯಲ್ಲಿ ಹೇಳಿದರು. ತನ್ನ ತೂಕ ನಾಲ್ಕು ಕಿಲೋ ಏರಿದೆ ಎಂದು ಅವಳು ಹೇಳಬೇಕೆಂದುಕೊಂಡಳು. ಆ ಮಾತು ಗಂಟಲಿಗೆ ಬರುವಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದಾಗಿತ್ತು. ಮಾತು ಈಗೀಗ ಹಾಗೇ ಆಗುತ್ತಿತ್ತು. ಹೊರಡುವ ಹೊತ್ತಿಗೆ ಹೊರಟು, ತಲುಪುವ ಹೊತ್ತಿಗೆ ತಲುಪುತ್ತಿರಲಿಲ್ಲ.

ಒಂದು ವಾರ ಮಾತ್ರೆ ನಿಂತಿತು. ಆಮೇಲೆ ಎಪ್ಪತ್ತೈದು.

ಆ ದಿನವೇ ಗಂಡ ಮಾತ್ರೆಯ ಡಬ್ಬಿಗೆ ಬೀಗ ಹಾಕಿದ. ಕಪಾಟಿನ ಬಾಗಿಲಿಗೆ ಒಂದು ಕಾರ್ಡು ತೂಗುಹಾಕಿದ. ಲಿಫ್ಟಿನೊಳಗೆ ತೂಗುಹಾಕುತ್ತಾರಲ್ಲ, ತಪಾಸಣೆಯ ಕಾರ್ಡು, ಅದೇ. ತಾರೀಖು, ಸಮಯ, ಎಷ್ಟು ಮಾತ್ರೆ, ಸಹಿ. ಪ್ರತಿದಿನ ಬೆಳಗ್ಗೆ ಬೀಗ ತೆಗೆದು ಒಂದು ಮಾತ್ರೆ ಅವಳ ಅಂಗೈಗೆ ಹಾಕಿ, ನುಂಗುವವರೆಗೆ ನಿಂತು, ನಾಲಗೆ ಎತ್ತಿಸಿ ನೋಡಿ ಸಹಿ ಮಾಡುತ್ತಿದ್ದ. ಕೆಟ್ಟವನಲ್ಲ. ನಾಲ್ಕನೆಯ ಮಹಡಿಗೆ ಲಿಫ್ಟಿಲ್ಲದ ಮನೆಯಲ್ಲಿದ್ದುಕೊಂಡು ಊರಿನ ಲಿಫ್ಟುಗಳನ್ನೆಲ್ಲ ಕಾಯುವವನು. ಹಗ್ಗ ಕಡಿಯುವ ಮುಂಚೆ ಎಲ್ಲೋ ಒಂದು ಎಳೆ ಬಿಟ್ಟಿರುತ್ತದೆ, ಅದನ್ನು ಕಂಡುಹಿಡಿಯುವುದೇ ಅವನ ವಿದ್ಯೆ. ಈಗ ಅವನು ಹೆಂಡತಿಯಲ್ಲಿ ಆ ಎಳೆ ಹುಡುಕತೊಡಗಿದ್ದ. ಅವಳ ಕೈಚೀಲ ನೋಡಿದ. ದಿಂಬಿನ ಗವಸು ತಡಕಿದ. ಬೀದಿಯ ಔಷಧದ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದ. ಏನೂ ಸಿಗಲಿಲ್ಲ. ಸಿಗದಿದ್ದುದು ಅವನ ಅನುಮಾನವನ್ನು ಕರಗಿಸಲಿಲ್ಲ, ಅವನ ಕಣ್ಣಿಗೆ ಅವಳನ್ನು ಇನ್ನಷ್ಟು ಜಾಣೆಯನ್ನಾಗಿ ಮಾಡಿತು.

"ಎಲ್ಲಿಟ್ಟಿದೀಯೋ ಹೇಳ್ಬಿಡು," ಎಂದ ಒಂದು ಸಂಜೆ, ಬೇಡಿಕೊಳ್ಳುವ ದನಿಯಲ್ಲಿ. "ನಾನೇನೂ ಬಯ್ಯಲ್ಲ."

"ಇಲ್ಲದ್ದನ್ನ ಎಲ್ಲಿಂದ ತಂದು ತೋರಿಸ್ಲಿ?"

"ರಕ್ತ ಸುಳ್ಳು ಹೇಳುತ್ತಾ?"

ಅವಳನ್ನು ನಂಬಿದ್ದು ಇಡೀ ಮನೆಯಲ್ಲಿ ಅತ್ತೆ ಒಬ್ಬಳೇ. ಮೂವತ್ತು ವರ್ಷ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡಿದ ಹೆಂಗಸು. ಮಾತು ಕಡಿಮೆ, ಮಾಡಿದ ಕೆಲಸದಲ್ಲಿ ಸುಕ್ಕಿಲ್ಲ. ಮಗ ಕೈಚೀಲ ತಡಕಿದ ದಿನ ಅವನನ್ನು ಅಡುಗೆಮನೆಗೆ ಕರೆದು, ನನ್ನ ಸೊಸೆ ಕದ್ದು ತಿನ್ನೋಳಲ್ಲ, ಇನ್ನೊಂದು ಸಲ ಅವಳ ಚೀಲಕ್ಕೆ ಕೈಹಾಕಿದ್ರೆ ನೋಡು ಎಂದು ಗದರಿದ್ದಳು. ರಾತ್ರಿ ಸೊಸೆಗೊಂದು ಲೋಟ ಬಿಸಿ ಹಾಲು ಕೊಡದೆ ಮಲಗುತ್ತಿರಲಿಲ್ಲ. ಬೆಳಗ್ಗೆ ಸೊಸೆ ಏಳುವ ಮೊದಲೇ ಅವಳ ದಿಂಬಿನ ಮೇಲೆ ಉದುರಿದ ಕೂದಲನ್ನು ಆಯ್ದು ತೆಗೆದುಬಿಡುತ್ತಿದ್ದಳು, ಕಣ್ಣಿಗೆ ಬೀಳದಿರಲೆಂದು. ಸೂಜಿ ಅರೆಗಣ್ಣಿನಲ್ಲಿ ನೋಡುತ್ತಿದ್ದಳು, ನೋಡದಂತೆ ಮಲಗಿರುತ್ತಿದ್ದಳು. ಕೂದಲೇನು ಎಂಬುದು ಅವಳಿಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೆ ಗೊತ್ತು? ದಿನಕ್ಕೆಷ್ಟು ಹೋಗುತ್ತಿದೆ ಎಂದು ತಲೆಯ ಮೇಲೆ ಕೈಯಾಡಿಸಿಯೇ ಹೇಳಬಲ್ಲಳು.

ಕಾರ್ಯಾಗಾರದಲ್ಲೂ ಅದು ಗುಟ್ಟಾಗಿ ಉಳಿಯಲಿಲ್ಲ. ಯಜಮಾನಿ ಅವಳನ್ನು ಗಿರಾಕಿಗಳೆದುರು ಕೂರಿಸುವುದನ್ನು ನಿಲ್ಲಿಸಿದಳು. ಕೂದಲು ಮಾರುವ ಅಂಗಡಿಯಲ್ಲಿ ಕೂದಲಿಲ್ಲದವಳು ಕೂತರೆ ಜನ ಏನಂತಾರೆ ಎಂದು ನಗುತ್ತಲೇ ಅಂದದ್ದು, ಆದರೆ ಮರುದಿನ ಕಿಟಕಿಯ ಕುರ್ಚಿ ಒಳಕೋಣೆಗೆ ಹೋಯಿತು. ಅಷ್ಟರಲ್ಲಿ ಬೆರಳ ತುದಿಗಳು ಜೋಮು ಹಿಡಿದಂತೆ ಮಂಕಾಗತೊಡಗಿದ್ದವು. ಜಾಲರಿಯ ಒಂದು ಕಣ್ಣಿನಲ್ಲಿ ಒಂದು ಕೂದಲು ಹೋಗಬೇಕಾದಲ್ಲಿ ಮೂರು ಹೋಗುತ್ತಿದ್ದವು. ಹಣೆಯಂಚು ಪೊರಕೆಯ ಅಂಚಿನಂತಾಗುತ್ತಿತ್ತು. ಯಜಮಾನಿ ಏನೂ ಅನ್ನದೆ ಅದನ್ನು ಬಿಚ್ಚಿಸಿ ಇನ್ನೊಬ್ಬಳಿಗೆ ಕೊಟ್ಟಳು. ಏನೂ ಅನ್ನದೆ ಹೋದದ್ದೇ ಅವಳಿಗೆ ಹೆಚ್ಚು ನಾಟಿತು.

ಆರು ವಾರದ ಮೇಲೆ ಮತ್ತೆ ರಕ್ತ ಕೊಟ್ಟಳು. ಅಂಕಿ ಇಳಿದಿರಲಿಲ್ಲ. ಬೀಗ, ಕಾರ್ಡು, ಸಹಿ ಎಲ್ಲವನ್ನೂ ಗಂಡ ವಿವರಿಸಿದ. ಡಾಕ್ಟರಮ್ಮ ಅವನ ಮುಖವನ್ನೂ ಅವಳ ಮುಖವನ್ನೂ ಬಹಳ ಹೊತ್ತು ನೋಡಿದರು. ಮಾತ್ರೆ ಐವತ್ತಕ್ಕೆ ಇಳಿಯಿತು. ಜತೆಗೆ ಮನಸ್ಸಿನ ಡಾಕ್ಟರರಿಗೊಂದು ಚೀಟಿ. ಚಳಿ, ಆಲಸ್ಯ, ಮಂಕು ಇವೆಲ್ಲ ಖಿನ್ನತೆಯಿಂದಲೂ ಬರುತ್ತವೆ ಎಂದರು. ಅವಳು ಚೀಟಿ ಮಡಿಸಿಟ್ಟುಕೊಂಡಳು. ಎದುರು ಹೇಳುವ ಶಕ್ತಿ ಇರಲಿಲ್ಲವೆಂದಲ್ಲ. ಯಾರ ಎದುರು ಹೇಳುವುದು? ತನ್ನದೇ ತೋಳಿನಿಂದ ಇಳಿದ ಮೂರು ಚಮಚ ರಕ್ತ ತನ್ನ ವಿರುದ್ಧ ಸಾಕ್ಷಿ ಹೇಳುತ್ತಿರುವಾಗ ಬಾಯಿಮಾತಿಗೆ ಏನು ಬೆಲೆ? ಒಂದು ಹಂತದಲ್ಲಿ ಅವಳಿಗೂ ಅನುಮಾನ ಬಂತು. ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಏನಾದರೂ ನುಂಗುತ್ತಿದ್ದೇನೆಯೇ ಎಂದು ಮಲಗುವ ಮುಂಚೆ ತನ್ನ ಎರಡೂ ಕಾಲಿಗೆ ವಿಗ್ ಕಟ್ಟುವ ದಾರದಿಂದ ಗಂಟು ಹಾಕಿಕೊಂಡಳು. ಬೆಳಗ್ಗೆ ಗಂಟು ಹಾಗೇ ಇತ್ತು.

ಮುಂದಿನ ಪರೀಕ್ಷೆಯಲ್ಲೂ ಅಂಕಿ ಇಳಿಯದೆ ಮಾತ್ರೆ ಇಪ್ಪತ್ತೈದಕ್ಕೆ ಇಳಿದ ಮೂರನೆಯ ವಾರ, ಒಂದು ಮಧ್ಯಾಹ್ನ, ಒಳಕೋಣೆಯಲ್ಲಿ ಮರದ ತಲೆಗೆ ಹಣೆ ಆನಿಸಿ ಅವಳು ಹಾಗೇ ಕೂತಿದ್ದಳು. ಯಜಮಾನಿ ಬಂದು ಭುಜ ಅಲುಗಿಸಿದಾಗ ಏಳಲಿಲ್ಲ. ಕೊಕ್ಕೆಸೂಜಿ ಜಾಲರಿಯನ್ನು ದಾಟಿ ಅವಳ ಎಡಗೈ ತೋರುಬೆರಳಿನೊಳಕ್ಕೆ ಹೋಗಿತ್ತು. ಬೆರಳು ಜಾಲರಿಗೆ ಹೊಲಿದುಕೊಂಡಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ನಾಡಿ ನಲವತ್ತೆರಡು. ಮೈ ತಣ್ಣಗೆ, ಸಾಮಾನ್ಯ ಥರ್ಮಾಮೀಟರಿಗೆ ಎಟುಕದಷ್ಟು. ರಕ್ತ ಮಾತ್ರ ಹಳೆಯ ಪಾಠವನ್ನೇ ಒಪ್ಪಿಸಿತು: ಹಾರ್ಮೋನು ವಿಪರೀತ.

ಆಗ ಮತ್ತೆ ಬಂದವನು ಲ್ಯಾಬಿನವನು. ಅಂದು ರಾತ್ರಿ ಮೆಟ್ಟಿಲ ಮೇಲೆ ನಿಂತು ನೋಡಿದ ಆ ಸ್ವೆಟರುಗಳು ಅವನನ್ನು ಬಿಟ್ಟಿರಲಿಲ್ಲವಂತೆ. ಹಿಂದಿನ ನಾಲ್ಕೂ ಪರೀಕ್ಷೆ ಮಾಡಿದ್ದು ಅವನೇ. ಯಂತ್ರವನ್ನು ಎರಡೆರಡು ಸಲ ಸರಿನೋಡಿದ್ದ, ಯಂತ್ರದಲ್ಲಿ ದೋಷವಿರಲಿಲ್ಲ. ಈ ಸಲ ಒಂದು ನಳಿಗೆ ರಕ್ತ ಹೆಚ್ಚು ತೆಗೆದು, ಡಾಕ್ಟರಮ್ಮನ ಅನುಮತಿಗೂ ಕಾಯದೆ, ಇನ್ನೊಂದು ಆಸ್ಪತ್ರೆಯಲ್ಲಿದ್ದ ತನ್ನ ಗೆಳೆಯನಿಗೆ ಕಳಿಸಿದ. ಅಲ್ಲಿಯ ಯಂತ್ರ ಹಳೆಯದು, ಬೇರೆ ಬಗೆಯಲ್ಲಿ ಅಳೆಯುವಂಥದ್ದು. ಸಂಜೆ ಅದರ ಉತ್ತರ ಹಿಡಿದು ವಾರ್ಡಿಗೆ ಬಂದಾಗ ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಹೆದರಿದವನ ಹಾಗಿದ್ದ.

ಅದೇ ರಕ್ತ, ತಲೆಕೆಳಗಾದ ಉತ್ತರ. ಹಾರ್ಮೋನು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟಿಎಸ್‌ಎಚ್ ನೂರು ದಾಟಿದೆ.

ಡಾಕ್ಟರಮ್ಮ, ಗಂಡ, ಅವಳು, ಮೂವರೆದುರಿಗೆ ಅವನು ಬಿಡಿಸಿ ಹೇಳಿದ. ಇಲ್ಲಿಯ ಹೊಸ ಯಂತ್ರ ಹಾರ್ಮೋನನ್ನು ನೇರವಾಗಿ ಎಣಿಸುವುದಿಲ್ಲ. ಬಯೋಟಿನ್ ಎಂಬ ವಿಟಮಿನ್ನನ್ನು ಅಂಟಿನ ಹಾಗೆ ಬಳಸಿ ಹಿಡಿದು ಎಣಿಸುತ್ತದೆ. ರೋಗಿಯ ರಕ್ತದಲ್ಲೇ ಆ ವಿಟಮಿನ್ನು ರಾಶಿ ಬಿದ್ದಿದ್ದರೆ ಅಂಟು ಅತ್ತ ಹಂಚಿಹೋಗುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿ, ಹಾರ್ಮೋನು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

"ಮಿದುಳು ಗುಂಡಿ ಒತ್ತುತ್ತಾನೇ ಇತ್ತು ಅಂತೀರಿ," ಎಂದ ಗಂಡ ನಿಧಾನವಾಗಿ. "ನಮಗೆ ಗಂಟೆ ಕೇಳ್ಸಲಿಲ್ಲ."

"ಹೌದು. ಆರು ತಿಂಗಳಿಂದ."

ಊಟದಿಂದ ಬರುವ ಬಯೋಟಿನ್ ಇದಕ್ಕೆ ಏನೇನೂ ಸಾಲದು. ಇಷ್ಟು ರಾಶಿ ಬರುವುದು ಕೂದಲು ಬೆಳೆಯಲೆಂದು ಮಾರುವ ಮಾತ್ರೆಗಳಿಂದ ಎಂದು ಲ್ಯಾಬಿನವನು ಹೇಳಿದಾಗ, ಅಷ್ಟು ನಿತ್ರಾಣದಲ್ಲೂ ಸೂಜಿಗೆ ನಗು ಬಂತು. ಆ ಮಾತ್ರೆಗಳ ಬಗ್ಗೆ ಅವಳ ಅಭಿಪ್ರಾಯ ಮನೆಯಲ್ಲೂ ಕಾರ್ಯಾಗಾರದಲ್ಲೂ ಕೇಳದವರಿರಲಿಲ್ಲ. ಯಜಮಾನಿಯ ಅಂಗಡಿಯ ಮುಂಗಪಾಟಿನ ತುಂಬ ಅವೇ ಡಬ್ಬಿಗಳು. ಒಂದನ್ನಾದರೂ ತಿನ್ನು ಎಂದು ಆಕೆ ಎಷ್ಟು ಸಲ ಹೇಳಿದ್ದಳೋ, ಅಷ್ಟೂ ಸಲ ಇವಳು ಗೇಲಿ ಮಾಡಿದ್ದಳು.

"ಮಾತ್ರೆಗೆ ಕೂದಲು ಬರೋ ಹಾಗಿದ್ರೆ ನನ್ನ ಕೆಲಸ ಎಂದೋ ಹೋಗಿರ್ತಿತ್ತು ಸ್ವಾಮಿ," ಎಂದಳು. "ಅದನ್ನ ಬಾಯಿಗೆ ಹಾಕೋಳಲ್ಲ ನಾನು."

"ನೀವು ಹಾಕ್ಕೊಳ್ಳದಿದ್ರೆ," ಎಂದ ಲ್ಯಾಬಿನವನು, "ಯಾರೋ ಹಾಕ್ತಿದಾರೆ."

ಪಕ್ಕದ ಮಂಚದವಳು ಇತ್ತ ಮಗ್ಗುಲಾದಳು.

ಡಾಕ್ಟರಮ್ಮ ತಡಮಾಡಲಿಲ್ಲ. ಹಾರ್ಮೋನನ್ನು ಸಣ್ಣ ಪ್ರಮಾಣದಲ್ಲಿ ನರದ ಮೂಲಕ ಆರಂಭಿಸಿದರು. ಎರಡು ದಿನ ಆಸ್ಪತ್ರೆಯ ಊಟದ ಹೊರತು ಒಂದು ಹನಿಯೂ ಹೊರಗಿನದು ಕೂಡದು ಎಂದು ಗಂಡನಿಗೆ ಕಟ್ಟಪ್ಪಣೆ ಮಾಡಿದರು. ಮೂರನೆಯ ಬೆಳಗ್ಗೆ ರಕ್ತ ತೆಗೆದು ಇಲ್ಲಿಯ ಹೊಸ ಯಂತ್ರಕ್ಕೇ ಹಾಕಿದರು. ಈ ಸಲ ಯಂತ್ರ ನಿಜ ಹೇಳಿತು.

ನಿಜ ಹೇಳಿದ್ದು ಮೂರು ಅಂಕಿಗಳಲ್ಲಿ. ಮೊದಲೆರಡು ಆಗಲೇ ಗೊತ್ತಿದ್ದವು. ಮೂರನೆಯದು, ಆರು ತಿಂಗಳಿಂದ ಸೊನ್ನೆಯೆಂದು ಕಂಡು ಎಲ್ಲರಿಗೂ ಸಮಾಧಾನ ಕೊಟ್ಟಿದ್ದ ಗೆಡ್ಡೆಯ ಅಂಕಿ, ಈಗ ಮೂವತ್ತೆಂಟು.

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತರು. ಈ ಎರಡು ವರ್ಷದಲ್ಲಿ ಅವರು ಹೀಗೆ ಪಕ್ಕ ಕೂತು ಮಾತಾಡಿದ್ದನ್ನು ಅವಳು ನೋಡಿರಲಿಲ್ಲ. ಅದು ಎಲ್ಲಿದೆ, ಎಷ್ಟಿದೆ ಎಂದು ಸ್ಕ್ಯಾನ್ ಹೇಳಬೇಕು. ಎಷ್ಟು ದಿನದಿಂದ ಇದೆ ಎಂದು ಯಾರೂ ಹೇಳಲಾರರು. ನಾನು ನಿಮ್ಮ ನಾಡಿಯನ್ನು ನಂಬಬೇಕಿತ್ತು, ಕಾಗದವನ್ನು ನಂಬಿದೆ ಎಂದರು. ಕ್ಷಮೆ ಕೇಳಲು ಬಾಯಿ ತೆರೆದರೇನೋ, ಅವಳೇ ತಲೆಯಾಡಿಸಿ ತಡೆದಳು. ಕ್ಷಮಿಸುವುದಕ್ಕೂ ಇಷ್ಟು ಶಕ್ತಿ ಬೇಕು. ಅದು ಅವಳಲ್ಲಿರಲಿಲ್ಲ.

ಗಂಡ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ನಾಲಗೆ ಎತ್ತಿಸಿ ನೋಡುತ್ತಿದ್ದ ಬೆಳಗುಗಳು ಅವನ ಬೆನ್ನ ಮೇಲೆ ಒಂದೊಂದಾಗಿ ಕೂತ ಹಾಗೆ ಭುಜ ಇಳಿದಿತ್ತು. ತಿರುಗಿದಾಗ ಅಳಲಿಲ್ಲ. ಅವನ ಸಂಕಟಕ್ಕೆ ಯಾವಾಗಲೂ ಕೈಗೊಂದು ಕೆಲಸ ಬೇಕು. ಈಗ ಸಿಕ್ಕಿದ್ದು ಇದೊಂದೇ.

"ಯಾರು ಅಂತ ಗೊತ್ತಾಗ್ಲಿ," ಎಂದ. "ಅವರ ಮುಖ ಇನ್ನು ಜನ್ಮದಲ್ಲಿ ನೋಡಲ್ಲ ನಾನು. ಮನೆಯೊಳಗಿನೋರಾದ್ರೂ ಸರಿ, ಹೊರಗಿನೋರಾದ್ರೂ ಸರಿ."

ಹೊರಗಿನವರೆಂದೇ ಅವನು ತೀರ್ಮಾನಿಸಿಯಾಗಿತ್ತು. ಅಂದೇ ಮಧ್ಯಾಹ್ನ ಕಾರ್ಯಾಗಾರಕ್ಕೆ ಹೋಗಿ ಯಜಮಾನಿಯ ಮೇಲೆ ಹರಿಹಾಯ್ದ. ಕಪಾಟಿನ ಡಬ್ಬಿಗಳನ್ನು ಮೇಜಿಗೆ ಸುರಿದು, ನನ್ನ ಹೆಂಡತಿಯ ಚಹಾಕ್ಕೆ ಇದನ್ನು ಬೆರೆಸಿದಿರಾ ಎಂದು ಕೇಳಿದ. ನಿನ್ನ ಹೆಂಡತಿ ಇಲ್ಲಿ ಒಂದು ಲೋಟ ನೀರೂ ಕುಡಿಯಲ್ಲಪ್ಪ, ಕೂದಲ ಚೂರು ಬಿದ್ದಿರುತ್ತೆ ಅಂತ ಮನೆಯಿಂದಲೇ ಬಾಟಲಿ ತರ್ತಾಳೆ ಎಂದು ಆಕೆ ಬಿಕ್ಕಳಿಸಿದಳಂತೆ. ಇದನ್ನೆಲ್ಲ ಬಂದು ಹೇಳುವಾಗ ಅವನಿಗೇ ನಾಚಿಕೆಯಾಗಿತ್ತು. ಮನೆಯಲ್ಲಿ ಕೇಳಿದಿರಾ ಎಂದು ಸೂಜಿ ಕೇಳಿದಳು. ಅಮ್ಮನಿಗೆ ಏನನ್ನೂ ಹೇಳಿಲ್ಲ, ವಯಸ್ಸಾದ ಜೀವ, ಗೆಡ್ಡೆ ಎಂಬ ಮಾತು ಕಿವಿಗೆ ಬಿದ್ದರೆ ಕುಸಿದುಬಿಡುತ್ತಾಳೆ, ಮಾತ್ರೆ ಹೆಚ್ಚುಕಡಿಮೆಯಾಗಿದೆ ಎಂದಷ್ಟೇ ಹೇಳಿದ್ದೇನೆ ಎಂದ.

ಅವನು ಹೋದ ಮೇಲೆ ಅವಳು ಸೂರು ನೋಡುತ್ತ ಮಲಗಿದಳು. ಕಂಡುಹಿಡಿಯಬೇಕೆಂಬ ಹಟ ಅವನದು, ಅವಳಿಗಿರಲಿಲ್ಲ. ಇಷ್ಟು ದಿನ ಅವಳಿಗೆ ಬೇಕಿದ್ದದ್ದು ಒಂದೇ, ತಾನು ಕಳ್ಳಿಯಲ್ಲವೆಂದು ಯಾರಾದರೂ ಹೇಳಬೇಕಿತ್ತು. ಈಗ ಎಲ್ಲರೂ ಹೇಳುತ್ತಿದ್ದರು. ಅದರ ಜತೆಗೇ ಮೂವತ್ತೆಂಟು ಬಂದಿತ್ತು. ಹೆಸರೊಂದು ಸಿಕ್ಕಿದರೆ ಆ ಅಂಕಿ ಮೂವತ್ತೇಳಾಗುತ್ತದೆಯೇ? ಇಲ್ಲವಷ್ಟೆ. ಹಾಗೆ ನೋಡಿದರೆ ವಿಷವನ್ನಾದರೂ ಹಗೆಯಿಂದ ಹಾಕುತ್ತಾರೆ. ಕೂದಲಿನ ಮಾತ್ರೆಯನ್ನು ಯಾರು ಹಗೆಯಿಂದ ಹಾಕುತ್ತಾರೆ? ಯೋಚನೆ ಅಲ್ಲಿಗೆ ಬಂದಾಗ ಅವಳು ಅದನ್ನು ಮುಂದಕ್ಕೆ ಬಿಡಲಿಲ್ಲ. ಕಣ್ಣು ಮುಚ್ಚಿದಳು. ನಿದ್ದೆ ಎಂದಿನಂತೆ ಕಾದು ಕೂತಿತ್ತು.

ಮರುದಿನ ಬೆಳಗ್ಗೆ ಹಾರ್ಮೋನು ಎಷ್ಟು ಏರಿದೆ ಎಂದು ನೋಡಲು ಮತ್ತೆ ರಕ್ತ ತೆಗೆದರು. ಹನ್ನೊಂದು ಗಂಟೆಗೆ ಲ್ಯಾಬಿನವನು ಬಿರುಸಾಗಿ ನಡೆದುಬಂದ. ಹಿಂದೆ ವಾರ್ಡಿನ ಸಿಸ್ಟರ್. ಗಂಡ ಆಗಷ್ಟೇ ಬಂದು ಕುರ್ಚಿ ಎಳೆದುಕೊಂಡಿದ್ದ.

"ಸುಳ್ಳು ವಾಪಸ್ ಬಂದಿದೆ," ಎಂದ ಲ್ಯಾಬಿನವನು.

ನಿನ್ನೆ ಬೆಳಗ್ಗೆ ಆರಕ್ಕೆ ತೆಗೆದ ರಕ್ತ ನಿಜ ಹೇಳಿತ್ತು. ಇಂದು ಬೆಳಗ್ಗೆ ಆರಕ್ಕೆ ತೆಗೆದದ್ದು ಮತ್ತೆ ತಲೆಕೆಳಗು. ಎರಡರ ನಡುವಿನ ಇಪ್ಪತ್ನಾಲ್ಕು ಗಂಟೆಯೊಳಗೆ, ಇದೇ ಮಂಚದ ಮೇಲೆ, ಯಾರೋ ಅವಳಿಗೆ ಅದನ್ನು ಕೊಟ್ಟಿದ್ದಾರೆ. ಕಾರ್ಯಾಗಾರ ತಾನಾಗಿ ಲೆಕ್ಕದಿಂದ ಆಚೆ ಹೋಯಿತು. ಗಂಡ ಎದ್ದು ನಿಂತ. ನಿನ್ನೆ ಏನು ಕುಡಿದೆ, ಯಾರು ಕೊಟ್ಟರು, ನೆನಪು ಮಾಡಿಕೋ ಎಂದು ಮಂಚದ ಸರಳು ಹಿಡಿದು ಒತ್ತಾಯಿಸಿದ.

ಅವಳು ನೆನಪಿಸಿಕೊಂಡಳು. ಮಂಪರು. ಕಿಟಕಿಯಲ್ಲಿ ಹಳದಿ ಬೆಳಕು. ತಲೆಯ ಹಿಂಭಾಗಕ್ಕೆ ಒಂದು ಅಂಗೈ ಆತು ಮೇಲಕ್ಕೆತ್ತಿತ್ತು. ತುಟಿಗೆ ಬಿಸಿಯಾದದ್ದೇನೋ ತಾಗಿತ್ತು, ಹಾಲಿರಬೇಕು. ಗುಟುಕು ಗುಟುಕಾಗಿ ಕುಡಿಸಿ, ಗಲ್ಲ ಒರೆಸಿ, ಕೂದಲು ವಿರಳವಾದ ನೆತ್ತಿಯ ಮೇಲೆ ಬೆರಳುಗಳು ಬಹಳ ಹೊತ್ತು ಆಡಿದ್ದವು. ಸಿಸ್ಟರ್ ಇರಬೇಕೆಂದುಕೊಂಡಿದ್ದಳು. ಇಲ್ಲವೇ ಕನಸು. ಅಷ್ಟು ಹಿತವಾದದ್ದು ಈಚೆಗೆ ಅವಳಿಗೆ ಕನಸಿನಲ್ಲಿ ಮಾತ್ರ ಸಿಗುತ್ತಿತ್ತು.

"ನನಗೆ ನೆನಪಿಲ್ಲ," ಎಂದಳು.

"ನೆನಪಿಲ್ವಾ, ಹೇಳಲ್ವಾ?"

"ಬಿಟ್ಬಿಡಿ. ಇನ್ಮೇಲೆ ಏನೂ ಕುಡಿಯಲ್ಲ ನಾನು. ಆಯ್ತಲ್ಲ."

ಆದರೆ ಅವನು ಬಿಡುವವನಲ್ಲ. ವಾರ್ಡಿನ ಬಾಗಿಲಲ್ಲಿ ಭೇಟಿಗೆ ಬರುವವರ ಪುಸ್ತಕವಿತ್ತು. ಬರೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಸಿಸ್ಟರ್ ಅಭಿಮಾನದಿಂದ ಹೇಳಿ ತಂದುಕೊಟ್ಟಳು. ನಿನ್ನೆ ಸಂಜೆ ಈ ಮಂಚಕ್ಕೆ ಬಂದವರು ಒಬ್ಬರೇ ಎಂದು ಪುಟ ತೆರೆದಳು. ಸೂಜಿ ಕೈ ಚಾಚಿ ಪುಸ್ತಕ ಮುಚ್ಚಲು ಹೋದಳು. ಕೈ ಹೊರಟಿತು, ತಲುಪಲಿಲ್ಲ. ಗಂಡನ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಬಂದು ಒಂದೆಡೆ ನಿಂತಿತು. ಅಲ್ಲಿಂದ ಕದಲಲಿಲ್ಲ. ಆಮೇಲೆ ಪುಸ್ತಕವನ್ನು ಮೆಲ್ಲನೆ ಅವಳ ಕಡೆಗೆ ತಿರುಗಿಸಿದ.

ಸಂಜೆ ಐದು ಹತ್ತು. ರೋಗಿಗೆ ಸಂಬಂಧ: ಅತ್ತೆ.